ಕವರಿನ ಮೇಲೆ ತಾರೀಖು ಬರೆದಿಡಿ

(ಚಿತ್ರದುರ್ಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ರೈತರು, ಅಂಗಡಿಯವರು, ಕೆಲವು ನಿವೃತ್ತ ನೌಕರರು ಸೇರಿದ್ದ ಸಭೆಯಲ್ಲಿ, ಸರ್ಕಾರದಿಂದ ನೋಟಿಸ್ ಬಂದರೆ ಏನು ಮಾಡಬೇಕು ಅಂತ ವಕೀಲನಾದ ನಾನು ಆಡಿದ ಮಾತುಗಳು. ಬಂದಿದ್ದವರೇ ಬರೆದುಕೊಡಿ ಎಂದು ಕೇಳಿದ್ದರಿಂದ ಬರೆದಿದ್ದೇನೆ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೂರು ವರ್ಷದ ಹಿಂದಿನ ಮಾತು. ಹರಿಹರದ ಕಡೆಯ ಒಬ್ಬ ಹಿಟ್ಟಿನ ಗಿರಣಿಯವರು ದಾವಣಗೆರೆಯ ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಕಂದು ಬಣ್ಣದ ಲಕೋಟೆ. ಲಕೋಟೆಯ ಮೂಲೆಗೆ ಕುಂಕುಮ ಹತ್ತಿತ್ತು. "ಕಳೆದು ಹೋಗಬಾರದು ಅಂತ ದೇವರ ಫೋಟೋ ಹಿಂದೆ ಇಟ್ಟಿದ್ದೆ ಸರ್" ಅಂದರು.

ಏನಾಗಿತ್ತು ಅಂದರೆ, ವಿದ್ಯುತ್ ಕಂಪನಿಯವರು ಗಿರಣಿ ತಪಾಸಣೆಗೆ ಬಂದಿದ್ದರು. ಖಾರದ ಪುಡಿಗೆ ಅಂತ ಇವರು ಎರಡನೇ ಮೋಟರ್ ಹಾಕಿಸಿದ್ದರು. ಮಂಜೂರಾದ ಲೋಡ್‌ಗಿಂತ ಜಾಸ್ತಿ ಆಗಿತ್ತು. ಅದು ತಪ್ಪೇ, ಅವರೂ ಒಪ್ಪಿದರು. ಆದರೆ ಬಿಲ್ ಬಂದಿದ್ದು 12 ತಿಂಗಳಿಗೆ, ದುಪ್ಪಟ್ಟು ದರದಲ್ಲಿ. ಮೋಟರ್ ಕೊಂಡು ಆಗಿದ್ದು ನಾಲ್ಕೇ ತಿಂಗಳು. ಕೊಂಡ ರಸೀದಿ ಅದೇ ಚೀಲದಲ್ಲಿತ್ತು.

2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಏನು ಹೇಳುತ್ತದೆ ನೋಡಿ. ಅನಧಿಕೃತ ಬಳಕೆ ಎಷ್ಟು ದಿನ ನಡೆದಿದೆಯೋ ಅಷ್ಟಕ್ಕೆ ದುಪ್ಪಟ್ಟು ದರ ಹಾಕಬೇಕು. ಎಷ್ಟು ದಿನ ಅಂತ ಗೊತ್ತಾಗದೇ ಇದ್ದಾಗ ಮಾತ್ರ ತಪಾಸಣೆಯ ಹಿಂದಿನ 12 ತಿಂಗಳು. ಅಂದರೆ ಆ ರಸೀದಿ ತೋರಿಸಿದ್ದರೆ ಬಿಲ್ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತಿತ್ತು. ಇವರು ತೋರಿಸಿರಲಿಲ್ಲವಾ? ತೋರಿಸಿದ್ದರು. ಎರಡು ಸಲ ಕಚೇರಿಗೆ ಹೋಗಿ, ಕೌಂಟರಿನ ಹತ್ತಿರ ನಿಂತು, ರಸೀದಿ ಹಿಡಿದು ಬಾಯಲ್ಲಿ ಹೇಳಿ ಬಂದಿದ್ದರು. "ಆಯ್ತು ಬಿಡಿ ಯಜಮಾನ್ರೇ, ನೋಡೋಣ" ಅಂದಿದ್ದರಂತೆ. ಇವರು ನಂಬಿಕೊಂಡು ಮನೆಗೆ ಬಂದರು. ಆಮೇಲೆ ಬಂದ ಅಂತಿಮ ಆದೇಶದಲ್ಲಿ ಒಂದು ಸಾಲಿತ್ತು: ಗ್ರಾಹಕರು ಯಾವುದೇ ಆಕ್ಷೇಪಣೆ ಸಲ್ಲಿಸಿರುವುದಿಲ್ಲ.

ಅಂತಿಮ ಆದೇಶದ ಮೇಲೆ ಮೇಲ್ಮನವಿ ಹಾಕಲು 30 ದಿನ. ಅದೂ ಅರ್ಧ ಹಣ ಕಟ್ಟಿ ಹಾಕಬೇಕು. ಅವರು ನನ್ನ ಹತ್ತಿರ ಬಂದಿದ್ದು 74ನೇ ದಿನ. ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿಸಿದ್ದು ಬಿಟ್ಟರೆ ನನ್ನಿಂದ ಬೇರೇನೂ ಆಗಲಿಲ್ಲ.

ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ. ಸರ್ಕಾರದ ಜೊತೆಗಿನ ವ್ಯಾಜ್ಯ ಆ ಲಕೋಟೆ ಕೈಗೆ ಬಂದ ದಿನವೇ ಶುರುವಾಗಿರುತ್ತದೆ. ವಕೀಲರು ಬೇಕಾಗುವುದು ಅವತ್ತು. ನಮ್ಮ ಜನ ಮೊದಲು ಕಚೇರಿಗೆ ಹೋಗುತ್ತಾರೆ, ಆಮೇಲೆ ಊರಿನ ಮುಖಂಡರ ಹತ್ತಿರ, ಆಮೇಲೆ ಪರಿಚಯದ ಗುಮಾಸ್ತರ ಹತ್ತಿರ. ಎಲ್ಲ ಮುಗಿದ ಮೇಲೆ ವಕೀಲರು. ಅಷ್ಟರಲ್ಲಿ ಕಡತ ಬರೆದು ಮುಗಿದಿರುತ್ತದೆ.

ಇದು ನಮ್ಮ ಮನೆಯಲ್ಲೂ ಆಗಿದೆ. ನಾನು ಕಾನೂನು ಓದಲು ಹೋಗಿದ್ದೇ ಅದಕ್ಕೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇಲ್ಲಿ ಕೂತಿರುವ ಎಷ್ಟೋ ಜನರಿಗೆ ಇದೇ ಪರಿಸ್ಥಿತಿ ಬರುವುದಿದೆ.

ನಮ್ಮದು ಈ ಜಿಲ್ಲೆಯದೇ ಹಳ್ಳಿ. ತೊಂಬತ್ತರ ದಶಕದಲ್ಲಿ ಒಂದು ನಾಲೆಗೆ ನಮ್ಮಪ್ಪನ ಹೆಸರಿನಲ್ಲಿದ್ದ 2 ಎಕರೆ 10 ಗುಂಟೆ ಹೋಯಿತು. ಬಾವಿ ಇದ್ದ ಜಮೀನು. ಬಾವಿ ಪಕ್ಕ ಹನ್ನೊಂದು ತೆಂಗಿನ ಮರ. ಐತೀರ್ಪಿನಲ್ಲಿ, ಅಂದರೆ ಪರಿಹಾರ ಗೊತ್ತು ಮಾಡುವ ಆದೇಶದಲ್ಲಿ, ಅದನ್ನು ಖುಷ್ಕಿ, ಅಂದರೆ ನೀರಾವರಿ ಇಲ್ಲದ ಜಮೀನು ಅಂತ ಬರೆದು ದರ ಕಟ್ಟಿದ್ದರು. ಚೆಕ್ ಕೊಡುವ ದಿನ ಊರಿನ ಎಂಟು-ಹತ್ತು ಮಂದಿ ಒಟ್ಟಿಗೆ ಹೋದರು. ನಾನೂ ಅಪ್ಪನ ಜೊತೆ ಹೋಗಿದ್ದೆ. ಒಂದು ಉದ್ದನೆಯ ರಿಜಿಸ್ಟರ್. ಹೆಸರು ಕರೆದಾಗ ಹೋಗಿ ಸಹಿ ಮಾಡಿ ಚೆಕ್ ಇಸಕೊಳ್ಳುವುದು. ಅಪ್ಪ ಸಹಿ ಮಾಡಿ ಕೈ ಮುಗಿದು ಬಂದರು. ಅಪ್ಪನ ಹಿಂದೆ ನಿಂತಿದ್ದ ನಮ್ಮ ಪಕ್ಕದ ಜಮೀನಿನವರು ಸಹಿ ಮಾಡುವ ಮೊದಲು ಒಂದು ಸಾಲು ಬರೆದರು. ಅವರ ಅಳಿಯ ಹೇಳಿಕೊಟ್ಟಿದ್ದನಂತೆ. "ದರಕ್ಕೆ ನನ್ನ ಒಪ್ಪಿಗೆ ಇಲ್ಲ, ಆಕ್ಷೇಪಣೆಗೆ ಒಳಪಟ್ಟು ಹಣ ಪಡೆದಿರುತ್ತೇನೆ." ಗುಮಾಸ್ತರು ಮುಖ ಸಿಂಡರಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅಪ್ಪ ಹೊರಗೆ ಬಂದು, "ಕೊಟ್ಟವರ ಮುಂದೆ ಹಂಗೆಲ್ಲ ಬರೀಬಾರದಪ್ಪ" ಅಂದರು.

ಆಗ ಇದ್ದಿದ್ದು 1894ರ ಭೂಸ್ವಾಧೀನ ಕಾಯ್ದೆ. ಆಕ್ಷೇಪಣೆ ದಾಖಲಿಸದೆ ಹಣ ತೆಗೆದುಕೊಂಡವರು 18ನೇ ಕಲಮಿನಡಿ ಹೆಚ್ಚಿನ ಪರಿಹಾರ ಕೇಳುವ ಹಾಗಿಲ್ಲ ಅಂತ ಆ ಕಾಯ್ದೆ ಸ್ಪಷ್ಟವಾಗಿ ಹೇಳುತ್ತಿತ್ತು. ಪಕ್ಕದ ಜಮೀನಿನವರ ಅರ್ಜಿ ಸಿವಿಲ್ ಕೋರ್ಟಿಗೆ ಹೋಯಿತು. ಕೆಲವು ವರ್ಷ ಹಿಡಿಯಿತು. ದರ ಎರಡು ಪಟ್ಟಿಗಿಂತ ಮೇಲೆ ಏರಿತು, ಅದರ ಮೇಲೆ ಬಡ್ಡಿ ಬೇರೆ.

ನಮಗೆ ಆಗಲೂ ಒಂದು ಬಾಗಿಲು ತೆರೆದಿತ್ತು. ಅದೇ ಕಾಯ್ದೆಯಲ್ಲಿ 28ಎ ಅಂತ ಇತ್ತು. ಒಂದೇ ಅಧಿಸೂಚನೆಯಲ್ಲಿ ಜಮೀನು ಕಳಕೊಂಡ ಒಬ್ಬರಿಗೆ ಕೋರ್ಟ್ ದರ ಏರಿಸಿದರೆ, ಕೋರ್ಟಿಗೆ ಹೋಗದ ಉಳಿದವರೂ ಆ ದರ ಕೇಳಬಹುದು. ಆಕ್ಷೇಪಣೆ ಬರೆಯದೆ ಹಣ ತೆಗೆದುಕೊಂಡಿದ್ದರೂ ಕೇಳಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಪಕ್ಕದವರಿಗೆ ದರ ಏರಿದ ಸುದ್ದಿ ಅಪ್ಪನಿಗೆ ಗೊತ್ತಾಗಿದ್ದು ಜಾತ್ರೆಯಲ್ಲಿ, ಏಳು ತಿಂಗಳು ಕಳೆದ ಮೇಲೆ. ಎರಡೂ ಸಲ ಅಪ್ಪ ಕಾನೂನಿನಲ್ಲಿ ಸೋತಿದ್ದಲ್ಲ. ಪಕ್ಕದಲ್ಲಿ ನಿಂತು "ಇಲ್ಲಿ ಒಂದು ಸಾಲು ಬರಿ" ಅಂತ ಹೇಳುವವರು ಇರಲಿಲ್ಲ, ಅಷ್ಟೇ.

ಈಗ ಆ ಹಳೇ ಕಾಯ್ದೆ ಇಲ್ಲ. 2014ರ ಜನವರಿ 1ರಿಂದ ಹೊಸದು ಜಾರಿಯಲ್ಲಿದೆ, 2013ರ ಕಾಯ್ದೆ. ಆ ಮೂರು ತಿಂಗಳ ಅವಕಾಶ ಅದರಲ್ಲೂ 73ನೇ ಕಲಮಾಗಿ ಉಳಿದಿದೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಭದ್ರಾ ಮೇಲ್ದಂಡೆ ಕಾಲುವೆಗೆ, ತುಮಕೂರು-ಚಿತ್ರದುರ್ಗ-ದಾವಣಗೆರೆ ರೈಲು ಮಾರ್ಗಕ್ಕೆ, ಹೆದ್ದಾರಿಗೆ ಜಮೀನು ಹೋಗಿದೆ, ಇನ್ನೂ ಹೋಗುತ್ತಿದೆ. ನೋಟಿಸ್ ಬಂದ ತಕ್ಷಣ ಮೊದಲು ನೋಡಬೇಕಾದ್ದು ಯಾವ ಕಾಯ್ದೆ ಅಂತ. 2013ರ ಕಾಯ್ದೆ ಆದರೆ ಪ್ರಾಥಮಿಕ ಅಧಿಸೂಚನೆಗೆ ಆಕ್ಷೇಪಣೆ ಹಾಕಲು 60 ದಿನ ಇರುತ್ತದೆ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಆದರೆ 21 ದಿನ ಮಾತ್ರ. ಅಲ್ಲಿ ದರದ ಜಗಳ ಮೊದಲು ಹೋಗುವುದೂ ಸಿವಿಲ್ ಕೋರ್ಟಿಗಲ್ಲ, ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ. ಒಂದೇ ಊರಿನ ಎರಡು ಹೊಲ. ಒಂದು ಕಾಲುವೆಗೆ ಹೋಯಿತು, ಇನ್ನೊಂದು ಹೆದ್ದಾರಿಗೆ ಹೋಯಿತು ಅಂದರೆ ದಾರಿ ಬೇರೆ, ದಿನ ಬೇರೆ. "ನಮ್ಮ ಮಾವನ ಕೇಸಲ್ಲಿ ಹೀಗೆ ಮಾಡಿದ್ರು" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹೆದ್ದಾರಿಯ ಬಗ್ಗೆ ಇನ್ನೊಂದು ಮಾತು. ಬಹಳ ವರ್ಷ ಹೆದ್ದಾರಿಗೆ ಜಮೀನು ಕೊಟ್ಟವರಿಗೆ ಸೊಲೇಷಿಯಂ ಅನ್ನುವ ಹೆಚ್ಚುವರಿ ಮೊತ್ತ ಇರಲಿಲ್ಲ. 2019ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತಾರತಮ್ಯ ಸರಿಯಲ್ಲ ಎಂದಿತು. ಆ ತೀರ್ಪು ಹಿಂದಿನ ಸ್ವಾಧೀನಗಳಿಗೂ ಅನ್ವಯಿಸುತ್ತದೆ ಅಂತ 2025ರಲ್ಲಿ ಮತ್ತೆ ಹೇಳಿತು. ನಿಮ್ಮಲ್ಲಿ ಯಾರಾದರೂ ಹೆದ್ದಾರಿಗೆ ಜಮೀನು ಕೊಟ್ಟಿದ್ದರೆ ಐತೀರ್ಪಿನ ಪ್ರತಿ ಹಿಡಿದುಕೊಂಡು ಒಬ್ಬ ವಕೀಲರಿಗೆ ತೋರಿಸಿ. ತಡ ಮಾಡಬೇಡಿ.

ಈಗ ಕಡತದ ವಿಷಯ. ಅಣ್ಣ-ತಮ್ಮಂದಿರ ಜಗಳಕ್ಕೂ ಸರ್ಕಾರದ ಜಗಳಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಸರ್ಕಾರದ ಜಗಳದಲ್ಲಿ ಮೊದಲ ಮೆಟ್ಟಿಲಲ್ಲಿ ನಿಮ್ಮ ಮಾತು ಕೇಳುವವರೂ ಅದೇ ಇಲಾಖೆಯವರು. ನೋಟಿಸ್ ಕೊಟ್ಟ ಅಧಿಕಾರಿಯೇ ಉತ್ತರ ಓದುತ್ತಾರೆ, ಅವರೇ ಆದೇಶ ಮಾಡುತ್ತಾರೆ. ಇದು ಅನ್ಯಾಯ ಅಲ್ವಾ ಅಂತ ಅನ್ನಿಸುತ್ತದೆ. ಆದರೆ ಮುಂದಿನ ಮೆಟ್ಟಿಲಿನ ಮೇಲ್ಮನವಿ ಅಧಿಕಾರಿಯಾಗಲಿ, ಹೈಕೋರ್ಟಾಗಲಿ ತರಿಸಿಕೊಂಡು ನೋಡುವುದು ಆ ಕಡತವನ್ನೇ. ಅಲ್ಲಿ ನಿಮ್ಮ ಉತ್ತರ ಇದೆಯಾ, ರಸೀದಿ ಇದೆಯಾ, ಅಧಿಕಾರಿ ಅದಕ್ಕೆ ಏನು ಕಾರಣ ಕೊಟ್ಟರು ಅಂತ ನೋಡುತ್ತಾರೆ. ಹಾಗಾಗಿ ಮೊದಲ ಉತ್ತರ ಬರೆಯುವಾಗ ಅದನ್ನು ಓದುವವರು ಇಬ್ಬರು ಅಂತ ತಿಳಿದು ಬರೆಯಬೇಕು. ಒಬ್ಬರು ಈ ಅಧಿಕಾರಿ. ಇನ್ನೊಬ್ಬರು ಎರಡು ವರ್ಷದ ಮೇಲೆ ಬೆಂಗಳೂರಿನಲ್ಲಿ ಕಡತ ತೆರೆಯುವ ನ್ಯಾಯಾಧೀಶರು.

ಕಡತ ನಮ್ಮನ್ನು ಕಾಯುವುದೂ ಉಂಟು. ಎಪ್ಪತ್ತರ ದಶಕದ ಮೊಹಿಂದರ್ ಸಿಂಗ್ ಗಿಲ್ ಪ್ರಕರಣ ಅಂತ ಒಂದಿದೆ. ಪಂಜಾಬಿನ ಫಿರೋಜ್‌ಪುರ ಲೋಕಸಭಾ ಕ್ಷೇತ್ರದ ಚುನಾವಣೆ ರದ್ದು ಮಾಡಿದ ಜಗಳ ಅದು. ಆ ತೀರ್ಪಿನಲ್ಲಿ ಒಂದು ಮಾತು ಬಂತು. ಅಧಿಕಾರಿಯ ಆದೇಶ ನಿಲ್ಲಬೇಕಾದರೆ ಆದೇಶದಲ್ಲಿ ಬರೆದ ಕಾರಣದ ಮೇಲೆಯೇ ನಿಲ್ಲಬೇಕು. ಆಮೇಲೆ ಕೋರ್ಟಿಗೆ ಬಂದು ಅಫಿಡವಿಟ್‌ನಲ್ಲಿ ಹೊಸ ಕಾರಣ ಜೋಡಿಸುವ ಹಾಗಿಲ್ಲ. ಇವತ್ತಿಗೂ ನಮ್ಮಂಥವರು ವಾರಕ್ಕೊಮ್ಮೆಯಾದರೂ ಎತ್ತಿಕೊಳ್ಳುವ ಮಾತು ಇದು. ನೀವು ಉತ್ತರದಲ್ಲಿ ಐದು ಅಂಶ ಎತ್ತಿದ್ದೀರಿ, ಆದೇಶ ಎರಡಕ್ಕೆ ಮಾತ್ರ ಉತ್ತರ ಕೊಟ್ಟಿದೆ ಅಂದರೆ ಉಳಿದ ಮೂರು ನಿಮ್ಮ ಬಲ. ನೀವು ಉತ್ತರವನ್ನೇ ಕೊಟ್ಟಿಲ್ಲ ಅಂದರೆ ಆ ಬಲ ಎಲ್ಲಿಂದ ಬರಬೇಕು?

ಅಧಿಕಾರಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಎಷ್ಟೋ ಅಧಿಕಾರಿಗಳಿಗೆ ನಿಮ್ಮ ಕೇಸು ಕೈಬಿಡುವ ಮನಸ್ಸು ಇರುತ್ತದೆ. ಆದರೆ ಆಡಿಟ್‌ನವರ ಭಯ. ಯಾವ ಆಧಾರದ ಮೇಲೆ ಕೈಬಿಟ್ಟಿರಿ ಅಂತ ನಾಳೆ ಕೇಳಿದರೆ ತೋರಿಸಲು ಕಾಗದ ಬೇಕಲ್ಲ? ನಿಮ್ಮ ಬಾಯಿಮಾತು, ಕಣ್ಣೀರು, ಶಿಫಾರಸು ಇದ್ಯಾವುದನ್ನೂ ಅವರು ಟಿಪ್ಪಣಿ ಹಾಳೆಯಲ್ಲಿ ಬರೆಯಲು ಆಗುವುದಿಲ್ಲ. ಒಂದು ಒಳ್ಳೆಯ ಉತ್ತರ, ಅದರ ಹಿಂದೆ ನಾಲ್ಕು ದಾಖಲೆ ಇದ್ದರೆ ಅವರಿಗೂ ಕೈಬಿಡಲು ಧೈರ್ಯ ಬರುತ್ತದೆ. ನಾನು ಗೆದ್ದ ಕೇಸುಗಳಲ್ಲಿ ಜಾಸ್ತಿ ಗೆದ್ದಿದ್ದು ಹೀಗೇ, ಕೋರ್ಟಿಗೆ ಹೋಗುವ ಮೊದಲೇ.

ಉತ್ತರ ಕೊಡುವ ರೀತಿಯೂ ಗೊತ್ತಿರಲಿ. ನೋಟಿಸ್ ಯಾವ ದಾಖಲೆಯ ಮೇಲೆ ನಿಂತಿದೆಯೋ ಅದರ ಪ್ರತಿ ಮೊದಲು ಬರಹದಲ್ಲಿ ಕೇಳಿ. ತಪಾಸಣೆ ವರದಿ, ಮಹಜರು, ಲೆಕ್ಕ ಕಟ್ಟಿದ ಹಾಳೆ, ಯಾವುದಾದರೂ ಸರಿ. ಖುದ್ದು ವಿಚಾರಣೆ ಬೇಕು ಅಂತ ಅದರಲ್ಲೇ ಬರೆಯಿರಿ. ಉತ್ತರದ ಎರಡು ಪ್ರತಿ ಒಯ್ದು ಒಂದನ್ನು ಟಪಾಲು ಶಾಖೆಯಲ್ಲಿ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಹಾಕುವುದಿಲ್ಲ ಅಂದರೆ ಜಗಳ ಬೇಡ. ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ದಾಖಲೆ ಕೊಡಲಿಲ್ಲ ಅಂದರೆ ಮಾಹಿತಿ ಹಕ್ಕು ಇದೆ, 10 ರೂಪಾಯಿ ಶುಲ್ಕ, 30 ದಿನ. ಆದರೆ ಆ 30 ದಿನ ಕಾಯುತ್ತಾ ಉತ್ತರ ಕೊಡುವ ಗಡುವು ಮೀರಬೇಡಿ. ಇದ್ದಷ್ಟರಲ್ಲಿ ಉತ್ತರ ಕೊಟ್ಟು, ದಾಖಲೆ ಬಂದ ಮೇಲೆ ಹೆಚ್ಚುವರಿ ಉತ್ತರ ಕೊಡುವ ಹಕ್ಕು ಕಾಯ್ದಿರಿಸಿದ್ದೇನೆ ಅಂತ ಕೊನೆಗೆ ಒಂದು ಸಾಲು ಸೇರಿಸಿ.

ಎಲ್ಲದಕ್ಕೂ ವಕೀಲರೇ ಬೇಕಾ ಅಂತ ಕೇಳುತ್ತೀರಿ. ಬೇಡ. ಜಿಎಸ್‌ಟಿ ಕಾಯ್ದೆಯ 116ನೇ ಕಲಂ ನೋಡಿ. ಅಧಿಕಾರಿಯ ಮುಂದೆ ನಿಮ್ಮ ಪರವಾಗಿ ನಿಮ್ಮ ಸಂಬಂಧಿಕರು ಹೋಗಬಹುದು, ನಿಮ್ಮ ಅಂಗಡಿಯ ಕಾಯಂ ನೌಕರ ಹೋಗಬಹುದು, ವಕೀಲರು, ಚಾರ್ಟರ್ಡ್ ಅಕೌಂಟೆಂಟ್, ಜಿಎಸ್‌ಟಿ ಪ್ರಾಕ್ಟೀಷನರ್ ಯಾರಾದರೂ ಆಗಬಹುದು. ಗ್ರಾಹಕರ ಆಯೋಗದ ಮುಂದೆ ನೀವೇ ನಿಂತು ವಾದ ಮಾಡಬಹುದು. ವಿದ್ಯುತ್ ಬಿಲ್ಲಿನ ಸಾಮಾನ್ಯ ತಕರಾರಿಗೆ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಲೆಕ್ಕದ ತಕರಾರಿಗೆ ಲೆಕ್ಕ ಬಲ್ಲವರು ಬೇಕು, ಕಾನೂನಿನ ತಕರಾರಿಗೆ ವಕೀಲರು. ಕಚೇರಿ ಗೇಟಿನ ಹತ್ತಿರ ನಿಂತು "ಒಳಗಡೆ ಮಾತಾಡ್ತೀನಿ" ಅನ್ನುವವರು ಮಾತ್ರ ಯಾವುದಕ್ಕೂ ಬೇಡ. ಅವರು ತೆಗೆದುಕೊಂಡ ದುಡ್ಡಿಗೆ ರಸೀದಿ ಇಲ್ಲ, ಆಡಿದ ಮಾತಿಗೆ ದಾಖಲೆ ಇಲ್ಲ.

2025ರ ಜುಲೈ ನಿಮಗೆಲ್ಲ ನೆನಪಿರಬೇಕು. ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ನೋಟಿಸ್ ಕೊಟ್ಟಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಹೋಟೆಲಿನಂಥ ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು ಅನ್ನುವುದು ನಿಯಮ. ಎಷ್ಟೋ ಜನ ಹೆದರಿ ಕ್ಯೂಆರ್ ಕೋಡ್ ಕಿತ್ತು, ನಗದು ಮಾತ್ರ ಅಂತ ಬೋರ್ಡ್ ಹಾಕಿದರು. ನಮ್ಮ ಊರಿನ ಒಬ್ಬ ಬೇಕರಿಯವರೂ ಕೋಡ್ ಕಿತ್ತು ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಕೋಡ್ ಕಿತ್ತರೆ ಬಂದ ನೋಟಿಸ್ ವಾಪಸ್ ಹೋಗುತ್ತದಾ? ನಾನು ಅವರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಲು ಹೇಳಿದೆ. ಪಿಯುಸಿ ಓದುವ ಅವರ ಮಗಳು ಮೂರು ಸಂಜೆ ಕೂತು, ಪೆನ್ಸಿಲ್ ಹಿಡಿದು ಒಂದೊಂದೇ ಸಾಲಿಗೆ ಗುರುತು ಹಾಕಿದಳು. ಇದು ಅತ್ತೆ ಕಳಿಸಿದ ಸಾಲ. ಇದು ಚೀಟಿ ದುಡ್ಡು. ಇದು ಗ್ಯಾಸಿಗೆ ಅಂತ ತಮ್ಮ ಹಾಕಿದ್ದು. ಇದು ಹಾಲಿನದು. ಹಾಲಿನ ಮೇಲೆ ತೆರಿಗೆ ಇಲ್ಲ. ಆ ಹಾಳೆಗಳನ್ನೇ ಜೋಡಿಸಿ ಉತ್ತರ ಕೊಟ್ಟೆವು. ನಾನು ಬರೆದಿದ್ದು ಒಂದೂವರೆ ಪುಟ. ಕೆಲಸ ಮಾಡಿದ್ದು ಆ ಹುಡುಗಿಯ ನಲವತ್ತು ಪುಟ. ಇನ್ನೊಂದು ನೆನಪಿಡಿ: ಜಿಎಸ್‌ಟಿ ನೋಟಿಸನ್ನು ಪೋರ್ಟಲ್‌ನಲ್ಲಿ ಹಾಕಿದರೂ ಕೊಟ್ಟ ಹಾಗೇ ಲೆಕ್ಕ. ನಿಮ್ಮ ಲಾಗಿನ್ ಬೇರೆಯವರ ಕೈಯಲ್ಲಿದ್ದರೆ ಹದಿನೈದು ದಿನಕ್ಕೊಮ್ಮೆಯಾದರೂ ನೋಡಲು ಹೇಳಿ. ಆದೇಶ ಬಂದ ಮೇಲೆ ಮೇಲ್ಮನವಿಗೆ ಮೂರು ತಿಂಗಳು, ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು. ಅದರ ಆಚೆಗೆ ತಡ ಮನ್ನಿಸುವ ಅಧಿಕಾರ ಮೇಲ್ಮನವಿ ಅಧಿಕಾರಿಗೇ ಇಲ್ಲ.

ತಿಂಡಿ-ತಿನಿಸು ಮಾರುವವರಿಗೆ ಒಂದು ಮುಖ್ಯವಾದ ಸಂಗತಿ. ದಾವಣಗೆರೆಯಲ್ಲಿ ಮಂಡಕ್ಕಿ-ಮೆಣಸಿನಕಾಯಿ, ಬೆಣ್ಣೆದೋಸೆ ಅಂಗಡಿಗಳಿಗೆ ಲೆಕ್ಕವಿಲ್ಲ. ಆಹಾರ ಸುರಕ್ಷತಾ ಅಧಿಕಾರಿ ಬಂದು ಎಣ್ಣೆಯದೋ ಖಾರದ ಪುಡಿಯದೋ ಮಾದರಿ ತೆಗೆದರೆ, ಅದನ್ನು ನಾಲ್ಕು ಭಾಗ ಮಾಡಿ ಸೀಲ್ ಮಾಡಬೇಕು. ಇದು 2006ರ ಆಹಾರ ಸುರಕ್ಷತಾ ಕಾಯ್ದೆಯ 47ನೇ ಕಲಂ. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತ ಅಧಿಕಾರಿಯ (ಡೆಸಿಗ್ನೇಟೆಡ್ ಆಫೀಸರ್) ಸುಪರ್ದಿಗೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಅಂತ ನೀವು ಕೇಳಬಹುದು. ಖರ್ಚು ನಿಮ್ಮದು. ಆದರೆ ಮಾದರಿ ತೆಗೆಯುವಾಗಲೇ ಬರಹದಲ್ಲಿ ಕೇಳಬೇಕು. ಆ ಹೊತ್ತಿನಲ್ಲಿ ಅಂಗಡಿಯವರಿಗೆ ಕೈಕಾಲು ನಡುಗುತ್ತಿರುತ್ತದೆ, ಹೇಳಿದ ಕಡೆ ಸಹಿ ಹಾಕಿಬಿಡುತ್ತಾರೆ. ಅದಕ್ಕೇ ಗಲ್ಲಾಪೆಟ್ಟಿಗೆಯಲ್ಲಿ ಒಂದು ಚೀಟಿ ಬರೆದಿಟ್ಟಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ: "ಮಾದರಿಯ ನಾಲ್ಕನೇ ಭಾಗವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಲು ಕೋರುತ್ತೇನೆ." ವರದಿ ನಿಮಗೆ ವಿರುದ್ಧ ಬಂದರೆ 30 ದಿನದೊಳಗೆ ಮೇಲ್ಮನವಿ ಹಾಕಿ.

ಸರ್ಕಾರದ ಮೇಲೆ ಸಿವಿಲ್ ದಾವೆ ಹಾಕಬೇಕು ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಎರಡು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ತೀರಾ ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ಹಾಕಬಹುದು. ನೋಟಿಸ್ ಯಾರ ಹೆಸರಿಗೆ ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ರಾಜ್ಯ ಸರ್ಕಾರವಾದರೆ ಜಿಲ್ಲಾಧಿಕಾರಿಗೋ ಸರ್ಕಾರದ ಕಾರ್ಯದರ್ಶಿಗೋ ಕೊಡಬೇಕು. ರೈಲ್ವೆಯಾದರೆ ಜನರಲ್ ಮ್ಯಾನೇಜರ್‌ಗೆ. ನಮಗೆ ನೈಋತ್ಯ ರೈಲ್ವೆ, ಅಂದರೆ ಹುಬ್ಬಳ್ಳಿ. ದಾವಣಗೆರೆ ಸ್ಟೇಷನ್ ಮಾಸ್ಟರಿಗೆ ಕೊಟ್ಟು ಕೂತರೆ ಪ್ರಯೋಜನ ಇಲ್ಲ. ಈ ಎರಡು ತಿಂಗಳು ಇಟ್ಟಿರುವುದೇ ಸರ್ಕಾರ ಕೂತು ಯೋಚಿಸಿ ತಪ್ಪಿದ್ದರೆ ತಿದ್ದಿಕೊಳ್ಳಲಿ ಅಂತ. ಆದರೆ ಬಹುತೇಕ ನೋಟಿಸುಗಳಿಗೆ ಉತ್ತರವೇ ಬರುವುದಿಲ್ಲ, ಬಂದರೂ ಹಾರಿಕೆಯ ಉತ್ತರ. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಹೇಳಿ, ಉತ್ತರ ಕೊಡಲು ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿ ಎಂದಿತ್ತು. ಇಷ್ಟು ವರ್ಷ ಆದರೂ ನನ್ನ ಟೇಬಲ್ಲಿಗೆ ಬರುವ ಉತ್ತರಗಳ ಸಂಖ್ಯೆ ಹೆಚ್ಚಿಲ್ಲ. ಇದು ಸರ್ಕಾರಕ್ಕೂ ನಷ್ಟ, ಜನಕ್ಕೂ ನಷ್ಟ. ಇದರ ಬಗ್ಗೆ ನನಗೆ ಬಹಳ ಬೇಸರ ಇದೆ.

ನೌಕರರು ಬಂದಿದ್ದೀರಿ. ರಾಜ್ಯ ಸರ್ಕಾರಿ ನೌಕರರ ಬಡ್ತಿ, ಅಮಾನತು, ಪಿಂಚಣಿ ತಕರಾರು ಮೊದಲು ಹೋಗುವುದು ಆಡಳಿತ ನ್ಯಾಯಮಂಡಳಿಗೆ, ಕೆಎಟಿಗೆ. ಸಾಮಾನ್ಯವಾಗಿ ಆದೇಶ ಆದ ಒಂದು ವರ್ಷದೊಳಗೆ ಹೋಗಬೇಕು. ನೇರವಾಗಿ ಹೈಕೋರ್ಟಿಗೆ ಹೋದರೆ ವಾಪಸ್ ಕಳಿಸುತ್ತಾರೆ.

ಹೈಕೋರ್ಟ್ ಅಂದಾಗ ನಮ್ಮ ಭಾಗದ ಒಂದು ಕಷ್ಟ ಹೇಳಲೇಬೇಕು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟ್ ಪೀಠ ಬಂತು. 2013ರಲ್ಲಿ ಕಾಯಂ ಆಯಿತು. ಪಕ್ಕದ ಹಾವೇರಿಯವರು ಅಲ್ಲಿಗೆ ಹೋಗುತ್ತಾರೆ. ದಾವಣಗೆರೆ, ಚಿತ್ರದುರ್ಗದವರು ಮಾತ್ರ ಬೆಂಗಳೂರಿಗೇ ಹೋಗಬೇಕು. ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್. ಒಂದು ರಿಟ್ ಅರ್ಜಿಗೆ ಅಂತ ರೈತರೊಬ್ಬರು ನಾಲ್ಕು ಸಲ ಬಸ್ಸು ಹತ್ತಿದರೆ ಆ ಖರ್ಚು, ಆ ದುಡಿಮೆಯ ದಿನಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ಅದಕ್ಕೇ ಇಲ್ಲೇ ಮುಗಿಯಬಹುದಾದ್ದನ್ನು ಇಲ್ಲೇ ಮುಗಿಸಿ. ಕಾಯ್ದೆಯಲ್ಲಿ ಮೇಲ್ಮನವಿ ಇರುವಾಗ ಹೈಕೋರ್ಟ್ ಕೂಡ ಮೊದಲು ಅಲ್ಲಿಗೆ ಹೋಗಿ ಬನ್ನಿ ಅನ್ನುತ್ತದೆ. ನಿಮ್ಮ ಮಾತೇ ಕೇಳದೆ ಆದೇಶ ಮಾಡಿದ್ದರೆ, ಅಧಿಕಾರವೇ ಇಲ್ಲದವರು ಆದೇಶ ಮಾಡಿದ್ದರೆ, ಮೂಲಭೂತ ಹಕ್ಕಿಗೆ ಪೆಟ್ಟು ಬಿದ್ದಿದ್ದರೆ ಆಗ ನೇರವಾಗಿ ಹೋಗಬಹುದು.

ದುಡ್ಡಿನ ಮಾತು. ವಕೀಲರ ಫೀ ಕೊಡಲು ಆಗದವರಿಗೆ ಕಾನೂನು ಸೇವಾ ಪ್ರಾಧಿಕಾರ ಇದೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಚೇರಿ, ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಇವರಿಗೆಲ್ಲ ವರಮಾನ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಇದು ಯಾರೋ ಮಾಡುವ ದಾನ ಅಲ್ಲ. ಸಂವಿಧಾನದ 39ಎ ವಿಧಿ, 1987ರ ಕಾಯ್ದೆ ಕೊಟ್ಟ ಹಕ್ಕು. ಸರ್ಕಾರದ ವಿರುದ್ಧದ ಕೇಸಿಗೆ ಸರ್ಕಾರದ ದುಡ್ಡಿನ ವಕೀಲರು ಹೇಗೆ ವಾದ ಮಾಡುತ್ತಾರೆ ಅಂತ ಅನುಮಾನ ಪಡುತ್ತಾರೆ. ಆ ವಕೀಲರು ನಿಮ್ಮ ವಕಾಲತ್ತಿನ ಮೇಲೆ ನಿಂತವರು. ಅವರ ಹೊಣೆ ನಿಮಗೆ ಮಾತ್ರ.

ಫೀ ಕೊಟ್ಟು ವಕೀಲರನ್ನು ಇಟ್ಟುಕೊಳ್ಳುವವರು ಮೊದಲೇ ಮೊತ್ತ ಕೇಳಿ, ಕೊಟ್ಟಿದ್ದಕ್ಕೆ ರಸೀದಿ ಕೇಳಿ. ಖಾಲಿ ಹಾಳೆಗೆ ಸಹಿ ಮಾಡಬೇಡಿ. ನಿಮ್ಮ ಹೆಸರಿನಲ್ಲಿ ಸಲ್ಲಿಸಿದ ಪ್ರತಿಯೊಂದು ಕಾಗದದ ಪ್ರತಿ ನಿಮ್ಮ ಮನೆಯಲ್ಲೂ ಇರಲಿ. ನಮ್ಮ ವಕೀಲರಲ್ಲೂ ಕೊರತೆ ಇದೆ. ಕಕ್ಷಿದಾರರಿಗೆ ವಾಯಿದೆ ತಾರೀಖು ಮಾತ್ರ ಹೇಳಿ, ಏನಾಯಿತು ಅಂತ ಹೇಳದೆ ಕಳಿಸುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಕೇಳಿ. ಕೇಳಿದರೆ ಸಿಟ್ಟಾಗುವ ವಕೀಲರ ಹತ್ತಿರ ಕೇಸು ಇಡಬೇಡಿ.

ಇಷ್ಟು ಹೇಳಿ ಕೂತೆ. ಆಮೇಲೆ ಹೊಳಲ್ಕೆರೆ ಕಡೆಯ ಹಿರಿಯರೊಬ್ಬರು ಎದ್ದು ಕೇಳಿದರು: "ಸರ್ಕಾರದ ಮೇಲೆ ಕೇಸು ಹಾಕಿದರೆ ನಾಳೆ ಪಹಣಿಗೆ, ಪೋಡಿಗೆ ಅಂತ ಹೋದಾಗ ಸತಾಯಿಸೋದಿಲ್ವಾ?"

ಸತಾಯಿಸುವವರು ಇದ್ದಾರೆ ಅಂತ ಒಪ್ಪಿಕೊಂಡೆ. ಆದರೆ ಅದಕ್ಕೂ ಬರಹವೇ ದಾರಿ. ರಾಜ್ಯ ಸರ್ಕಾರದ 'ಸಕಾಲ' ಯೋಜನೆಯೊಳಗೆ ಬರುವ ಸೇವೆಗಳಿಗೆ ಅರ್ಜಿ ಹಾಕಿದಾಗ ನಂಬರು ಕೊಡುತ್ತಾರೆ, ದಿನ ಗೊತ್ತಿರುತ್ತದೆ. ಆ ದಿನದೊಳಗೆ ಕೊಡಬೇಕು, ಇಲ್ಲ ಅಂದರೆ ಯಾಕೆ ಆಗುವುದಿಲ್ಲ ಅಂತ ಹಿಂಬರಹ ಕೊಡಬೇಕು. ಹಿಂಬರಹ ಕೈಗೆ ಬಂದರೆ ಅದರ ಮೇಲೂ ಮೇಲ್ಮನವಿ ಇದೆ. ನನ್ನ ಅನುಭವದಲ್ಲಿ ಕಾಗದದಲ್ಲಿ ಮಾತಾಡುವವರನ್ನು ಕಚೇರಿಯವರು ಸತಾಯಿಸುವುದು ಕಮ್ಮಿ. ಹಿರಿಯರು ತಲೆಯಾಡಿಸಿದರು, ಆದರೆ ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಅವರ ಅನುಭವ ಅವರದು.

ಆಮೇಲೆ ಚಳ್ಳಕೆರೆ ಕಡೆಯ ಒಬ್ಬ ಹೆಣ್ಣುಮಗಳು ಕೂತಲ್ಲಿಂದಲೇ ಕೇಳಿದರು: "ಅಣ್ಣಾ, ನೋಟಿಸ್ ತಗೊಳ್ಳದೇ ವಾಪಸ್ ಕಳಿಸಿದರೆ ಏನಾಗುತ್ತೆ? ನಮ್ಮ ಯಜಮಾನರು ತಗೋಬೇಡ ಅಂದಿದ್ದರು."

ತಗೊಳ್ಳದೆ ಇದ್ದರೆ ಟಪಾಲಿನವರು ನಿರಾಕರಿಸಿದ್ದಾರೆ ಅಂತ ಬರೆದು ವಾಪಸ್ ಕಳಿಸುತ್ತಾರೆ. ಕಾನೂನಿನ ಕಣ್ಣಿಗೆ ಅದು ತಲುಪಿದ ಹಾಗೇ. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಇರುವುದು ನೀವು ಮಾತ್ರ. ಇಷ್ಟು ಹೇಳುವಾಗಲೇ ಆಕೆ ವ್ಯಾನಿಟಿ ಬ್ಯಾಗಿನಿಂದ ಒಂದು ಲಕೋಟೆ ತೆಗೆದರು. ಯಜಮಾನರು ಬೇಡ ಅಂದರೂ ಸಹಿ ಹಾಕಿ ತೆಗೆದುಕೊಂಡಿದ್ದರು. ತಂದೆಯಿಂದ ಬಂದ ಜಮೀನಿನ ಖಾತೆ ಬದಲಾವಣೆ ವಜಾ ಮಾಡಿದ ತಹಶೀಲ್ದಾರರ ಆದೇಶ. ಭೂ ಕಂದಾಯ ಕಾಯ್ದೆಯ 136ನೇ ಕಲಮಿನಲ್ಲಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಲು 60 ದಿನ ಇರುತ್ತದೆ. ಲಕೋಟೆಯ ಮೇಲಿನ ಅಂಚೆ ಮುದ್ರೆ ಮಸುಕಾಗಿತ್ತು. ಯಾವತ್ತು ಕೈಗೆ ಬಂತು ಅಂತ ಕೇಳಿದೆ. "ಗೌರಿ ಹಬ್ಬದ ಹಿಂದಿನ ದಿನ" ಅಂದರು. ಪಕ್ಕದಲ್ಲಿದ್ದ ಹುಡುಗ ಮೊಬೈಲಿನಲ್ಲಿ ಟ್ರ್ಯಾಕಿಂಗ್ ನಂಬರು ಹಾಕಿ ನೋಡಿದ. ಅವರು ಹೇಳಿದ್ದು ಸರಿಯಾಗಿತ್ತು. ಬೆರಳು ಮಡಚಿ ಎಣಿಸಿದೆವು, 41 ದಿನ ಆಗಿತ್ತು.

ಸೋಮವಾರ ಹತ್ತು ಗಂಟೆಗೆ ಬನ್ನಿ ತಾಯೀ ಅಂದೆ. ಲಕೋಟೆ ಸಮೇತ.